ಮಡಿಲು ಬಿಚ್ಚುವ ಹೊತ್ತು

ನನ್ನ ತಮ್ಮನನ್ನು ಹೂತು ಬಂದ ಸಂಜೆ ನನ್ನ ತಾಯಿ ದೇವರಿಗೆ ಸ್ತೋತ್ರ ಹೇಳಿದಳು. ಆ ಒಂದು ಸ್ತೋತ್ರಕ್ಕಾಗಿ ಅರಸೀಕೆರೆಯ ನಮ್ಮ ಕ್ರೈಸ್ತ ಸಭೆಯವರು ಅವಳನ್ನು ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ದೂರವಿಟ್ಟರು, ಸ್ತ್ರೀಯರ ಕೂಟದಲ್ಲಿ ಬಾಯಿ ತೆರೆಯಕೂಡದೆಂದು ಅಪ್ಪಣೆ ಮಾಡಿದರು, ಅವಳೇ ಮಗನ ಸಾವಿಗೆ ಕಾರಣವೆಂಬ ಮಾತು ಹುಟ್ಟಿ ಬೆಳೆಯಲು ಬಿಟ್ಟರು. ಇದು ಅನ್ಯಾಯ. ಅಧ್ಯಾಯದ ಮೊದಲಿಗೇ ಇದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ಆ ಸಂಗತಿಯನ್ನು ಬಲ್ಲವರು ಕೆಲವರು ಈಗಲೂ ಬದುಕಿದ್ದಾರೆ. ಅದನ್ನು ಅವರು ‘ಏನೋ ತಪ್ಪು ತಿಳಿವಳಿಕೆ’ ಎಂದು ಹಗುರ ಮಾಡಿ ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಯಾರು ಎಲ್ಲಿ ಕುಳಿತಿದ್ದರು, ಯಾರ ಬಾಯಿಂದ ಯಾವ ಮಾತು ಮೊದಲು ಬಂತು ಎಂಬುದನ್ನೆಲ್ಲ ನಾನು ಬಲ್ಲೆ. ಆಗ ನನಗೆ ಹನ್ನೊಂದು ವರ್ಷವಿದ್ದಿರಬೇಕು. ಆದರೆ ನಮ್ಮ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ್ದೇ ಏನನ್ನೂ ಮರೆಯದ ಹಾಗೆ.

ನಮ್ಮದು ರೈಲ್ವೆ ಕ್ವಾರ್ಟರ್ಸಿನ ಕೊನೆಯ ಸಾಲಿನ ಕೊನೆಯ ಮನೆ. ಅಪ್ಪ ಶಾಂತಪ್ಪನವರು ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ಮುಂದೆ ಮರದ ಜಾಲರಿ ಹೊಡೆದ ಜಗಲಿ, ಅದನ್ನು ದಾಟಿದರೆ ಹಗಲಲ್ಲೂ ಮಬ್ಬಾಗಿರುತ್ತಿದ್ದ ನಡುಮನೆ, ಅದರ ಹಿಂದೆ ಹೊಗೆಗೂಡಿನ ಅಡುಗೆಮನೆ. ಎಂಜಿನ್ನಿನ ಮಸಿ ಗಾಳಿಯ ಜೊತೆ ಬಂದು ಒಗೆದು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಆದ್ದರಿಂದ ಅಮ್ಮ ಬಟ್ಟೆ ಒಣಹಾಕುವ ಮೊದಲು ಯಾವ ಗಾಡಿ ಯಾವ ಹೊತ್ತಿಗೆ ಹೊರಡುತ್ತದೆಂದು ಲೆಕ್ಕ ಹಾಕಬೇಕಾಗುತ್ತಿತ್ತು. ಹಿತ್ತಿಲ ಗೋಡೆಯ ಆಚೆ ಕೊಬ್ಬರಿ ವರ್ತಕರೊಬ್ಬರ ಮನೆ. ಅವರ ಅಂಗಳದಲ್ಲಿ ಸದಾ ಕೊಬ್ಬರಿ ಒಣಗುತ್ತಿದ್ದುದರಿಂದ ನಮ್ಮ ಮನೆಯ ಅನ್ನಕ್ಕೂ ಹೊದಿಕೆಗೂ ಅದರದೇ ವಾಸನೆ. ವರ್ತಕರ ಹೆಂಡತಿ ಗೌರಮ್ಮ ಹಣೆಯ ತುಂಬ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗ ಧರಿಸಿದ ಗಟ್ಟಿ ದನಿಯ ಹೆಂಗಸು. ನಾವು ಒಣಮೀನು ಸುಡುವ ದಿನ ಮೂಗಿಗೆ ಸೆರಗು ಹಿಡಿದು ಗೋಡೆಯಾಚೆಯಿಂದ ಬೈಯುತ್ತಿದ್ದರು. ಮಾರನೆಯ ದಿನ ಅದೇ ಗೋಡೆಯ ಮೇಲೆ ಒಡೆದ ಕಾಯಿ ಇಟ್ಟು ಅಮ್ಮನನ್ನು ಕೂಗುತ್ತಿದ್ದರು.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲ ಕ್ರೈಸ್ತರ ಮನೆಗಳಂತೆ ನಮ್ಮಲ್ಲೂ ಕುಟುಂಬ ಪ್ರಾರ್ಥನೆ ನಡೆಯುತ್ತಿತ್ತು. ಒಂದು ಕೀರ್ತನೆ, ಒಂದು ಪಾಠ, ಅಪ್ಪನ ಚಿಕ್ಕ ಪ್ರಾರ್ಥನೆ. ಆದರೆ ಆಮೇಲೆ ನಡೆಯುತ್ತಿದ್ದುದು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅದಕ್ಕೆ ನಮ್ಮಲ್ಲಿ ‘ಮಡಿಲು ಬಿಚ್ಚುವುದು’ ಎಂದು ಹೆಸರು. ಅದು ಅಮ್ಮನ ತಾಯಿಯಿಂದ ಬಂದದ್ದು. ಅಜ್ಜಿ ಅರೇಹಳ್ಳಿಯ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಕೂಲಿಯಾಗಿದ್ದಳು. ಕೆಲಸ ಮುಗಿದ ಮೇಲೆ ಹೆಂಗಸರು ಗೇಟಿನ ಹತ್ತಿರ ಸಾಲಾಗಿ ನಿಂತು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮುಂದೆ ಮಡಿಲು ಬಿಚ್ಚಿ ಕೊಡವಿ ತೋರಿಸಬೇಕಾಗಿತ್ತು. ಹಣ್ಣು ಕದ್ದು ಒಯ್ಯುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆ ಅವಮಾನವನ್ನು ದಿನವೂ ಅನುಭವಿಸಿ ಬಂದ ಅಜ್ಜಿ ತನ್ನ ಗುಡಿಸಲಲ್ಲಿ ಮಕ್ಕಳನ್ನು ಕೂರಿಸಿಕೊಂಡು ದೇವರ ಮುಂದೆ ಮತ್ತೊಮ್ಮೆ ಮಡಿಲು ಬಿಚ್ಚುತ್ತಿದ್ದಳಂತೆ. ಒಂದು ಕಾಡುಹಣ್ಣು, ಒಂದು ಗರಿ, ಒಲೆಗೆ ಆಗುವ ನಾಲ್ಕು ಪುರುಳೆ ಕಡ್ಡಿ. ಏನೂ ಇಲ್ಲದ ದಿನ ಕಣ್ಣಿಗೆ ಕಂಡದ್ದನ್ನೋ ಕಿವಿಗೆ ಬಿದ್ದದ್ದನ್ನೋ ಹೇಳುತ್ತಿದ್ದಳು.

“ಅಲ್ಲಿ ಬಿಚ್ಚಿದ್ದು ಹೆದರಿಕೆಗೆ. ಇಲ್ಲಿ ಬಿಚ್ಚೋದು ಸಂತೋಷಕ್ಕೆ. ಎರಡೂ ಒಂದೇ ಮಡಿಲು ಕಣ್ರವ್ವ,” ಎನ್ನುತ್ತಿದ್ದಳಂತೆ.

ಅಮ್ಮ ಆ ರೂಢಿಗೆ ತನ್ನ ಕಟ್ಟುಪಾಡುಗಳನ್ನು ಸೇರಿಸಿದ್ದಳು. ಹೇಳುವುದು ಇವತ್ತಿನದೇ ಆಗಿರಬೇಕು. ಸಣ್ಣದಾಗಿರಬೇಕು. ಆಯುಷ್ಯ, ಆರೋಗ್ಯ, ಆಶೀರ್ವಾದ ಎಂಬ ದೇವಾಲಯದ ಮಾತುಗಳು ಕೂಡದು. ಅವನ್ನು ಹೇಳುವವರಿಗೆ ಆ ದಿನ ಏನೂ ಕಂಡಿಲ್ಲವೆಂದು ಅರ್ಥ. ಕೊನೆಯಲ್ಲಿ ದೇವರಿಗೆ ಕೃತಜ್ಞತೆಯಾಗಿ ‘ಸ್ತೋತ್ರ’ ಎನ್ನಬೇಕು. ಅಷ್ಟಾದ ಮೇಲೆಯೇ ಮುದ್ದೆ. ನನ್ನ ತಮ್ಮ ಪ್ರಸನ್ನ ನನಗಿಂತ ಮೂರು ವರ್ಷ ಚಿಕ್ಕವನು, ಸಿಡುಕ, ಹಸಿವು ತಡೆಯದವನು. ಅವನ ಕಣ್ಣು ಹುರುಳಿಸಾರಿನ ಮಡಕೆಯ ಮೇಲೇ ಇರುತ್ತಿತ್ತು.

“ನಂಗೆ ಇವತ್ತೇನೂ ಇಲ್ಲ ಕಣಮ್ಮ.”

“ಬೆಳಗಿಂದ ಊರೆಲ್ಲ ಸುತ್ತಿ ಬರೀ ಕೈಲಿ ಬಂದ್ಯೇನ್ಲಾ? ಇನ್ನೊಂದ್ಸಲ ಹುಡುಕು.”

“ಸ್ಟೇಷನ್ ಮಾಸ್ತರ ಛತ್ರಿ ಗಾಳಿಗೆ ತಿರುಮುರುವಾಗೋಯ್ತು. ಅದಕ್ಕೆ ಸ್ತೋತ್ರ.”

ಅಪ್ಪ ಕನ್ನಡಕ ತೆಗೆದು ಅವನನ್ನು ನೋಡಿದರು. “ಇನ್ನೊಬ್ಬರಿಗೆ ನಷ್ಟ ಆಗಿದ್ದಕ್ಕೆ ಸ್ತೋತ್ರ ಹೇಳ್ತಾರೇನೋ?”

“ನಷ್ಟ ಎಲ್ಲಾಯ್ತಪ್ಪ? ಒದ್ರಿದ ತಕ್ಷಣ ಸರಿಹೋಯ್ತು. ಸರಿಹೋಗಿದ್ದಕ್ಕೂ ಸ್ತೋತ್ರ.”

“ನೋಡ್ರೀ, ಎರಡೆರಡು ತಂದವ್ನೆ ನನ್ ಮಗ,” ಎಂದು ಅಮ್ಮ ನಗುತ್ತ ಮುದ್ದೆ ಕಟ್ಟಲು ಏಳುತ್ತಿದ್ದಳು. ಅಪ್ಪನ ಮಡಿಲು ಯಾವಾಗಲೂ ಒಣ. ‘ಇವತ್ತು ವ್ಯಾಗನ್ನುಗಳು ಹೊತ್ತಿಗೆ ಸರಿಯಾಗಿ ಬಂದವು, ಸ್ತೋತ್ರ’ ಎಂಬುದರಾಚೆ ಅವರು ಹೋದದ್ದು ಕಡಿಮೆ. ಅಮ್ಮನದು ಮಾತ್ರ ದಿನಕ್ಕೊಂದು ಹೊಸದು. ಗೌರಮ್ಮನವರು ಬೈಯುವಾಗ ನಡುವೆ ಸೀನು ಬಂದು ಬೈಗುಳವೇ ಮರೆತುಹೋದದ್ದು. ಮಾಲೇಕಲ್ಲಿನ ಬೆಟ್ಟದ ತಲೆ ಮಾತ್ರ ಮಂಜಿನಿಂದ ಹೊರಗೆ ಕಂಡದ್ದು. ಒಗೆದ ಬಿಳಿ ಪಂಚೆ ಕರಿಯ ಚುಕ್ಕೆಯೊಂದೂ ಬೀಳದೆ ಒಣಗಿದ್ದು. ನಮಗೆ ಬಡತನವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಸಂಜೆ ಹೇಳಲು ಏನನ್ನಾದರೂ ಹಿಡಿದಿಟ್ಟುಕೊಳ್ಳಬೇಕೆಂಬ ಧಾವಂತದಲ್ಲಿ ಬಡತನವನ್ನು ನೋಡಲು ನಮಗೆ ಪುರಸೊತ್ತಿರಲಿಲ್ಲ. ದಿನವನ್ನು ಮಡಿಲಲ್ಲಿ ಹಿಡಿದು ಮನೆಗೆ ತರುವ ಆ ಅಭ್ಯಾಸವೇ ನನಗೆ ಮರೆವನ್ನು ಅಸಾಧ್ಯ ಮಾಡಿತು. ಅಮ್ಮ ಕಲಿಸಿದ್ದು ಒಳ್ಳೆಯದನ್ನು ನೆನಪಿಡುವುದಕ್ಕೆ. ಆಮೇಲೆ ಬಂದದ್ದನ್ನೂ ನಾನು ಅದೇ ಮಡಿಲಲ್ಲಿ ತುಂಬಿಕೊಳ್ಳಬೇಕಾಯಿತು.

ನಮ್ಮ ಸಭೆ ಚಿಕ್ಕದು. ಸಭಾಪಾಲಕರಾದ ಅಯ್ಯನವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಗಂಡಸಿಯ ಮಾರ್ಗವಾಗಿ ಬಂದು ಹೋಗುತ್ತಿದ್ದರು. ಉಳಿದಂತೆ ಎಲ್ಲವೂ ಸಭೆಯ ಹಿರಿಯ ಜಯಶೀಲಯ್ಯನವರ ಕೈಯಲ್ಲಿತ್ತು. ಅಪ್ಪನಿಗಿಂತ ದೊಡ್ಡ ಹುದ್ದೆ, ಇಸ್ತ್ರಿ ಮಾಡಿದ ಕೋಟು, ದೀರ್ಘವಾದ ಪ್ರಾರ್ಥನೆ. ಅವರ ಹೆಂಡತಿ ಸರೋಜಮ್ಮ ಸ್ತ್ರೀಯರ ಕೂಟದ ಮುಖ್ಯಸ್ಥೆ. ಎಸ್ಟೇಟ್ ಕೂಲಿಯ ಮಗಳಾದ ಅಮ್ಮನನ್ನು ಅವರು ‘ಕರುಣಮ್ಮ’ ಎಂದು ಕರೆದರೂ ಆ ‘ಅಮ್ಮ’ ಎಂಬುದು ಅರ್ಧ ನುಂಗಿದಂತೆ ಕೇಳುತ್ತಿತ್ತು. ಒಂದು ಸುಗ್ಗಿಯ ಆರಾಧನೆಯಲ್ಲಿ ಅಮ್ಮ ಕಾಣಿಕೆಗೆಂದು ಕೇರಿ ಒಪ್ಪಮಾಡಿ ಒಯ್ದ ಹುರುಳಿಯ ಮೊರವನ್ನು ಸರೋಜಮ್ಮ ಎಲ್ಲರೆದುರು ಎತ್ತಿ, ತಮ್ಮ ಬಾಳೆಗೊನೆಯ ಹಿಂದೆ ಗೋಡೆಯ ಪಕ್ಕ ಇಟ್ಟರು. ಆ ಸಂಜೆ ಅಮ್ಮ ಬಿಚ್ಚಿದ ಮಡಿಲಲ್ಲಿ ಅದರ ಸುಳಿವೂ ಇರಲಿಲ್ಲ. ಬಾಳೆಗೊನೆಯ ಮೇಲೆ ಕುಳಿತಿದ್ದ ಅಳಿಲಿಗೆ ಸ್ತೋತ್ರ ಹೇಳಿದಳು. ಅವಳು ಬಿಟ್ಟ ಮೊರವನ್ನು ನಾನು ಬಿಡಲಿಲ್ಲ.

ಪ್ರಸನ್ನನಿಗೆ ವಿಷಮಶೀತ ಜ್ವರ ಬಂದದ್ದು ಬೇಸಿಗೆ ಏರುತ್ತಿದ್ದ ಕಾಲದಲ್ಲಿ. ವಾರಗಳು ಕಳೆದರೂ ಬಿಡಲಿಲ್ಲ. ನಡುಮನೆಯ ಮಬ್ಬಿನಲ್ಲಿ ಚಾಪೆಯ ಮೇಲೆ ಮಲಗಿದ್ದ ಅವನು ಬರಬರುತ್ತ ಮೆತ್ತಗಾದ. ಕೊಟ್ಟದ್ದನ್ನು ಕುಡಿದ, ತಿರುಗಿಸಿದ ಮಗ್ಗುಲಿಗೆ ತಿರುಗಿದ. ಯಾವುದಕ್ಕೂ ಎದುರಾಡದ ಆ ಒಳ್ಳೆಯತನವೇ ಅಮ್ಮನನ್ನು ಹೆದರಿಸಿತು. ಆದರೂ ಸಂಜೆ ಅವನ ತಲೆದೆಸೆಯಲ್ಲಿ ಮಡಿಲು ಬಿಚ್ಚುವುದು ನಿಲ್ಲಲಿಲ್ಲ. ಹೇಳಲಾರದ ಅವನ ಪರವಾಗಿ ನಾನೇ ಒಂದನ್ನು ಹೆಚ್ಚಾಗಿ ಹೇಳುತ್ತಿದ್ದೆ. ಡಾಕ್ಟರು ಬಂದು ನೋಡಿ, ಜ್ವರ ಇಳಿಯುತ್ತಿದೆ, ಕೇಳಿದರೆ ತೆಳ್ಳಗೆ ಅಕ್ಕಿಯ ಗಂಜಿ ಕೊಡಬಹುದು ಎಂದರು. ಇದನ್ನು ಅವರು ಜಗಲಿಯಲ್ಲಿ ನಿಂತು ಹೇಳಿದರು. ಅಪ್ಪ ಕೇಳಿಸಿಕೊಂಡರು, ನಾನೂ ಕೇಳಿಸಿಕೊಂಡೆ. ಅದಾದ ಮೇಲೆ ಒಂದು ಬೆಳಿಗ್ಗೆ ಪ್ರಸನ್ನ ತಾನಾಗಿ ಎದ್ದು ಗೋಡೆಗೆ ಒರಗಿ ಕುಳಿತು ಗಂಜಿ ಕೇಳಿದ. ಅಮ್ಮ ತಂದಳು. ಒಂದು ಗುಟುಕು ಕುಡಿದವನೇ ಮುಖ ಸಿಂಡರಿಸಿದ.

“ಥೂ, ಉಪ್ಪೇ ಇಲ್ಲ. ನಿಂಗೆ ಗಂಜಿ ಮಾಡಕ್ಕೂ ಬರಲ್ವೇನಮ್ಮ?”

ಅಮ್ಮ ಓಡಿ ಹೋಗಿ ಉಪ್ಪು ತಂದಳು. ಅವಳು ಓಡಿದ ರೀತಿ ಹುಡುಗಿಯರದು. ಬಟ್ಟಲು ಬರಿದಾಯಿತು. ನಾನು ಶಾಲೆಗೆ ಹೋದೆ. ಮಧ್ಯಾಹ್ನದ ಮೊದಲೇ ಅವನಿಗೆ ಹೊಟ್ಟೆನೋವು ಕಾಣಿಸಿ, ಮೈಯೆಲ್ಲ ತಣ್ಣಗಾಗಿ, ಡಾಕ್ಟರಿಗೆ ಹೇಳಿ ಕಳುಹಿಸುವುದರೊಳಗೆ ಎಲ್ಲ ಮುಗಿದಿತ್ತು. ಕರುಳು ಮೊದಲೇ ಒಳಗೆ ಹುಣ್ಣಾಗಿತ್ತು, ಗಂಜಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಬಿಸಿಲಿನ ಕಾಲವಾದ್ದರಿಂದ ಅದೇ ದಿನ ಇಳಿಹೊತ್ತಿಗೆ ಹಳಿಯ ಆಚೆಗಿನ ನಮ್ಮವರ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು.

ದೀಪ ಹಚ್ಚುವ ಹೊತ್ತಿಗೆ ಸಭೆಯವರು ನಮ್ಮ ಜಗಲಿಯಲ್ಲೂ ನಡುಮನೆಯಲ್ಲೂ ತುಂಬಿದ್ದರು. ಸರೋಜಮ್ಮ ಬಾಗಿಲ ಪಕ್ಕ, ತಂಗಾಳಿ ಬರುವ ಕಡೆ, ನಮ್ಮಲ್ಲಿದ್ದ ಒಂದೇ ಕುರ್ಚಿಯಲ್ಲಿ. ಅಮ್ಮ ನೆಲದ ಮೇಲೆ, ಚಾಪೆ ಸುತ್ತಿಟ್ಟ ಜಾಗದಲ್ಲಿ. ಜಯಶೀಲಯ್ಯನವರು ಕೋಟಿನ ಗುಂಡಿ ಹಾಕಿಕೊಂಡು ಪ್ರಾರ್ಥಿಸಿದರು. ನಿತ್ಯತ್ವ, ಮುತ್ತಿನ ಬಾಗಿಲು, ಸ್ವರ್ಗೀಯ ತೋಟ, ಅಲ್ಲಿಗೆ ಒಯ್ದು ನೆಟ್ಟ ಎಳೆಯ ಸಸಿ ಎಂದು ಬಹಳ ಹೊತ್ತು ನಡೆಯಿತು. ಎಲ್ಲರೂ ಆಮೆನ್ ಎಂದರು. ಜನ ಏಳುವುದರಲ್ಲಿದ್ದರು. ಆಗ ಅಮ್ಮ, ಯಾವ ಸಂಜೆಯೂ ತಪ್ಪಿಸದವಳು, ಮುಚ್ಚಿದ ಕಣ್ಣು ತೆರೆಯದೆ ತನ್ನ ಸರದಿಯನ್ನು ಹೇಳಿದಳು.

“ಇವತ್ತು ಬೆಳಿಗ್ಗೆ ನನ್ ಮಗ ಎದ್ದು ಕೂತ. ಅವನೇ ಕೇಳಿ ಗಂಜಿ ಕುಡಿದ. ಉಪ್ಪಿಲ್ಲ ಅಂತ ನನ್ ಮೇಲೆ ಸಿಡುಕಿದ. ಅವ್ನು ಸಿಡುಕಿ ಬಾಳ ದಿನ ಆಗಿತ್ತು. ಸ್ತೋತ್ರ, ಕರ್ತನೇ.”

ಅಪ್ಪ ಮುಖ ಮುಚ್ಚಿಕೊಂಡರು. ಅಪ್ಪನ ನಂತರ ನನ್ನ ಸರದಿ. ನಾನು ಏನು ಹೇಳಬೇಕೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಕುರ್ಚಿಯಿಂದ ಸರೋಜಮ್ಮನವರ ದನಿ ಬಂತು.

“ಗಂಜಿ ಕೊಟ್ರಾ? ಈ ಜ್ವರದಲ್ಲಿ?”

ಅವರು ಪಕ್ಕದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಷ್ಟು ತಗ್ಗಿದ ದನಿಯಲ್ಲಿ ಹೇಳಿದರು:

“ಕೊಟ್ಟಿದ್ದಲ್ದೆ ಸ್ತೋತ್ರ ಬೇರೆ ಹೇಳ್ತಾಳಲ್ಲ. ಕಣ್ಣಲ್ಲಿ ಒಂದು ಹನಿ ನೀರಾದ್ರೂ ಇದೆಯಾ ನೋಡಿ.”

ಆ ಭಾನುವಾರದ ಹೊತ್ತಿಗೆ ಮಾತು ಬೆಳೆದಿತ್ತು. ಮಗ ಸತ್ತದ್ದಕ್ಕೆ ಸ್ತೋತ್ರ ಹೇಳಿದಳು ಎಂದರು ಕೆಲವರು. ಗಂಜಿ ಕೊಟ್ಟು ಕೊಂದೆನೆಂದು ದೇವರ ಮುಂದೆ ಅವಳ ಬಾಯಲ್ಲೇ ಬಂತು ಎಂದರು ಇನ್ನು ಕೆಲವರು. ಅಯ್ಯನವರು ಬಂದಾಗ ಜಯಶೀಲಯ್ಯನವರು ಅಪ್ಪ ಅಮ್ಮ ಇಬ್ಬರನ್ನೂ ದೇವಾಲಯದ ಹಿಂದಿನ ಕೋಣೆಗೆ ಕರೆಸಿದರು. ನಾನು ಅಮ್ಮನ ಸೆರಗು ಹಿಡಿದೇ ಒಳಗೆ ಹೋದೆ. ಹೊರಗಿರು ಎನ್ನಲು ಯಾರಿಗೂ ತೋಚಲಿಲ್ಲ.

“ಡಾಕ್ಟರೇ ಕೊಡಿ ಅಂದಿದ್ರು ಸ್ವಾಮಿ. ಬೇಕಾದ್ರೆ ಅವರನ್ನೇ ಕರ್ಕೊಂಡು ಬರ್ತೀನಿ,” ಎಂದರು ಅಪ್ಪ.

“ಅದು ವೈದ್ಯದ ವಿಷಯ ಶಾಂತಪ್ಪ, ಅದು ಬೇಡ,” ಎಂದರು ಜಯಶೀಲಯ್ಯ. “ನಾವು ಕೇಳ್ತಿರೋದು ಸಾಕ್ಷಿಯ ವಿಷಯ. ಊರಿನೋರು ಏನಂದಾರು? ಕ್ರೈಸ್ತರು ಮಗು ಸತ್ತರೆ ಹಬ್ಬ ಮಾಡ್ತಾರೆ ಅನ್ನಲ್ವಾ?”

ಅಯ್ಯನವರು ಅಮ್ಮನನ್ನು ಕೇಳಿದರು. “ತಾಯಿ, ನೀವು ಆ ಮಾತು ದುಃಖದಲ್ಲಿ ಬುದ್ಧಿ ಸ್ಥಿಮಿತ ಇಲ್ಲದೆ ಆಡಿದ್ದು ಅಂತ ಹೇಳಿಬಿಡಿ. ಇಲ್ಲಿಗೇ ಮುಗಿಸೋಣ.”

ಅಮ್ಮ ತಲೆ ಎತ್ತಿ ಅವರನ್ನು ನೋಡಿದಳು. ಹಾಗೆಂದು ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

“ಸ್ಥಿಮಿತ ಇತ್ತು ಅಯ್ಯ. ಅವ್ನು ಎದ್ದು ಕೂತಿದ್ದು ದಿಟ. ನಾನು ಸುಳ್ಳಾಡಿದ್ರೆ ಅದೊಂದೂ ಇಲ್ದಂಗಾಯ್ತದೆ.”

ತೀರ್ಪು ಹೀಗಾಯಿತು: ಪಶ್ಚಾತ್ತಾಪ ಕಾಣುವವರೆಗೂ ಕರ್ತನ ಭೋಜನ ಇಲ್ಲ, ಸ್ತ್ರೀಯರ ಕೂಟಕ್ಕೆ ಬರಬಹುದು, ಆದರೆ ಬಾಯಿಬಿಟ್ಟು ಪ್ರಾರ್ಥಿಸಕೂಡದು. ಅಯ್ಯನವರು ತಲೆ ತಗ್ಗಿಸಿ ಒಪ್ಪಿದರು. ಅವರಿಗೆ ಬಸ್ಸಿನ ಹೊತ್ತಾಗಿತ್ತು.

ಗೋಡೆಯಾಚೆಯ ಗೌರಮ್ಮನವರಿಗೆ ಇದು ಹೇಗೋ ತಿಳಿಯಿತು. ಅವರು ಗೋಡೆಯ ಹತ್ತಿರ ನಿಂತು ಕೂಗಲಿಲ್ಲ. ಸುತ್ತಿ ಬಂದು, ಎಂದೂ ತುಳಿಯದಿದ್ದ ನಮ್ಮ ಜಗಲಿಯ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತರು.

“ಅಲ್ಲ ಕಣ್ರೀ, ಅಳೋದಕ್ಕೂ ನಿಮ್ಮೋರು ರೂಲ್ಸು ಮಾಡವ್ರಾ? ನಮ್ಮನೇಲಿ ಮಗು ಹೋದಾಗ ನಾನೂ ವರ್ಷಗಟ್ಟಲೆ ಅದರ ತುಂಟತನಾನೇ ಹೇಳ್ಕಂಡು ತಿರುಗ್ದೆ. ಯಾರ್ ನನ್ನ ಪಂಚಾಯ್ತಿ ಕಟ್ಟೆಗೆ ಕರುದ್ರು?”

ಅಮ್ಮ ಅವರ ಕೈ ಹಿಡಿದುಕೊಂಡಳು. ಮಾತಾಡಲಿಲ್ಲ.

ಮಾತಾಡದಿರುವುದು ಅಲ್ಲಿಂದಲೇ ಮನೆಯೊಳಗೂ ಬಂತು. ಅಪ್ಪಣೆ ಸ್ತ್ರೀಯರ ಕೂಟಕ್ಕೆ ಮಾತ್ರವಾಗಿತ್ತು. ನಮ್ಮ ನಡುಮನೆಯ ಮೇಲೆ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಮ್ಮ ನೇರವಾಗಿ ಎದ್ದು ಒಲೆಯ ಹತ್ತಿರ ಹೋಗತೊಡಗಿದಳು. ಆಗ ಅಪ್ಪ, ವ್ಯಾಗನ್ನುಗಳನ್ನು ಬಿಟ್ಟು ಬೇರೇನೂ ಕಾಣದಿದ್ದ ಅಪ್ಪ, ಪ್ರಯತ್ನ ಪಟ್ಟರು. ‘ಇವತ್ತು ಗೂಡ್ಸ್ ಶೆಡ್ಡಿನ ತೊಲೆ ಮೇಲೆ ಗುಬ್ಬಿ ಗೂಡು ಕಟ್ಟಿದೆ, ಮರಿ ಕಿರುಚುತ್ತೆ, ಸ್ತೋತ್ರ’ ಎಂದು ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿ ಕಾಯುತ್ತಿದ್ದರು. ಒಳಗೆ ಮುದ್ದೆಯ ಕೋಲು ಮಡಕೆಗೆ ತಾಗುವ ಸದ್ದು ಮಾತ್ರ. ಆ ಗುಬ್ಬಿಯ ಕಥೆ ಅವರು ಕಟ್ಟಿದ್ದೆಂದು ನನಗೆ ಗೊತ್ತಿತ್ತು. ಶೆಡ್ಡಿಗೆ ಊಟದ ಡಬ್ಬಿ ಒಯ್ಯುತ್ತಿದ್ದವಳು ನಾನೇ.

ಮುಂದಿನ ರಜೆಯಲ್ಲಿ ಅಪ್ಪ ನಮ್ಮಿಬ್ಬರನ್ನು ಅಜ್ಜಿಯ ಹತ್ತಿರ ಕರೆದೊಯ್ದರು. ಹಿಂದೆಲ್ಲ ಆ ದಾರಿಯಲ್ಲಿ ಹಳೇಬೀಡಿನಲ್ಲಿ ಬಸ್ಸು ನಿಂತಾಗ ಅಮ್ಮ ನಮ್ಮನ್ನು ಇಳಿಸಿ, ಕೆರೆಯ ಏರಿಯ ತನಕ ಓಡಿಸಿ, ನೀರಿಗೆ ಮುಖವೊಡ್ಡಿ ನಿಲ್ಲುತ್ತಿದ್ದಳು. ಕಂಡಕ್ಟರು ಬೈದರೂ ಕೇಳುತ್ತಿರಲಿಲ್ಲ. ಆ ಸಲ ಸೀಟಿನಿಂದ ಏಳಲಿಲ್ಲ. ಬೇಲೂರಿನಲ್ಲಿ ಬಸ್ಸು ಬದಲಾಯಿಸುವಾಗ ಅಪ್ಪ ಬೆಣ್ಣೆಯಂಥ ಬಾಳೆಹಣ್ಣು ತಂದುಕೊಟ್ಟರು. ಅದನ್ನು ಹಿಡಿದುಕೊಂಡೇ ಅರೇಹಳ್ಳಿ ತಲುಪಿದಳು. ಸಂಜೆ ಅಜ್ಜಿ ತನ್ನ ಮಡಿಲು ಬಿಚ್ಚಿದಳು: ‘ಇವತ್ತು ಬಿಸಿಲು ಬಂತು, ಬಿಸಿಲ ಹಿಂದೇನೇ ನೀವೂ ಬಂದ್ರಿ.’ ಆಮೇಲೆ ಮಗಳ ಕಡೆ ನೋಡಿದಳು.

“ನಂಗೆ ಅಪ್ಪಣೆ ಇಲ್ಲ ಕಣವ್ವ,” ಎಂದಳು ಅಮ್ಮ.

“ಯಾರ್ದು ಅಪ್ಪಣೆ?”

ಅಪ್ಪ ಎಲ್ಲವನ್ನೂ ಹೇಳಿದರು. ಅಜ್ಜಿ ನಡುವೆ ಬಾಯಿ ಹಾಕದೆ ಕೇಳಿದಳು.

“ಆ ರೈಟರಿಗಾದ್ರೆ ಕಾಪಿಹಣ್ಣಿನ ಚಿಂತೆ. ಅವನು ಕೊಡವಿಸ್ದ, ನಾವು ಕೊಡವುದ್ವಿ, ಮನೆಗೆ ಬಂದ್ವಿ. ಇವರು ಎಂಥ ದೇವರ ಮಕ್ಕಳು ಮಗ, ಖಾಲಿ ಮಾಡಿ ಕಳಿಸವ್ರಲ್ಲ!”

ಅಮ್ಮ ಎದ್ದು ಹೊರಗೆ ಹೋದಳು. ಅಜ್ಜಿ ಅವಳನ್ನು ಮತ್ತೆ ಕೇಳಲಿಲ್ಲ.

ಒಮ್ಮೆ ಮಾತ್ರ, ವರ್ಷಗಳ ಮೇಲೆ, ಅದು ಬಾಯಿಗೆ ಬಂತು. ಹಿತ್ತಿಲಲ್ಲಿ ಅಮ್ಮ ಮತ್ತು ಗೌರಮ್ಮ ಹುಣಿಸೆಹಣ್ಣು ಬಿಡಿಸುತ್ತಿದ್ದರು. ಗೌರಮ್ಮನವರ ಮೊಮ್ಮಗು ಹುಳಿ ನೆಕ್ಕಿ, ಮುಖವನ್ನೆಲ್ಲ ಒಂದುಗೂಡಿಸಿ, ಮತ್ತೆ ಕೈ ಚಾಚಿತು. ಅಮ್ಮ ಗಟ್ಟಿಯಾಗಿ ನಕ್ಕಳು. ನಗುತ್ತಲೇ ‘ಸ್ತೋ’ ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಸುತ್ತ ನೋಡಿದಳು. ಹಿತ್ತಿಲಲ್ಲಿ ಇದ್ದವರು ನಾವಷ್ಟೇ. ಗೌರಮ್ಮ ತಲೆ ತಗ್ಗಿಸಿ ಬೀಜ ಬಿಡಿಸುತ್ತ ಹೋದರು.

ಹೊಸ ಅಯ್ಯನವರು ಬಂದ ಮೇಲೆ ಅಮ್ಮನಿಗೆ ಕರ್ತನ ಭೋಜನ ಮತ್ತೆ ಸಿಕ್ಕಿತು. ಯಾರೂ ತಪ್ಪೊಪ್ಪಲಿಲ್ಲ, ಒಂದು ಭಾನುವಾರ ‘ನೀವೂ ಬನ್ನಿ’ ಎಂದರು, ಅಷ್ಟೇ. ಆ ದಿನ ಆರಾಧನೆ ಮುಗಿದ ಮೇಲೆ ಜಯಶೀಲಯ್ಯನವರು ಮೆಟ್ಟಿಲ ಹತ್ತಿರ ಅಮ್ಮನನ್ನು ತಡೆದರು. ಪಕ್ಕದಲ್ಲಿ ಸರೋಜಮ್ಮನವರೂ ಇದ್ದರು. ಕಾಲುನೋವಿನಿಂದ ಅವರಿಗೆ ಕೂಟ ನಡೆಸಲು ಆಗುತ್ತಿರಲಿಲ್ಲ.

“ಆಗಿದ್ದು ಆಯ್ತು ಕರುಣಮ್ಮ. ಬುಧವಾರದ ಕೂಟದಲ್ಲಿ ಇನ್ನು ನೀವೇ ಪ್ರಾರ್ಥನೆ ಮಾಡಿ. ನೀವು ಚೆನ್ನಾಗಿ ಸ್ತೋತ್ರ ಹೇಳ್ತಿದ್ರಿ ಅಂತಾರೆ ಎಲ್ರೂ.”

“ಆಗಲ್ಲ ಅಯ್ಯ.”

“ಇನ್ನೂ ಕೋಪವೇ?”

“ಕೋಪ ಇಲ್ಲ. ಈಗ ನಂಗೇನೂ ಕಾಣಲ್ಲ.”

ಅವರು ತಲೆಯಾಡಿಸಿ, ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದರು. ಅಮ್ಮ ಆಮೇಲೆ ಬಹಳ ಕಾಲ ಬದುಕಿದಳು. ಪ್ರತಿ ಭಾನುವಾರ ದೇವಾಲಯಕ್ಕೆ ಹೋದಳು, ಹಾಡುವವರ ಜೊತೆ ತುಟಿ ಆಡಿಸಿದಳು, ಯಾರನ್ನೂ ದೂರಲಿಲ್ಲ. ದೂರುವುದನ್ನು ನನಗೆ ಬಿಟ್ಟಳು ಎಂದುಕೊಂಡಿದ್ದೇನೆ. ಆದ್ದರಿಂದ ಆ ಸಂಜೆ ನಮ್ಮ ನಡುಮನೆಯಲ್ಲಿ ಕುಳಿತು ಆಮೆನ್ ಹೇಳಿ ಎದ್ದು ಹೋದವರಲ್ಲಿ ಉಳಿದಿರುವವರನ್ನು, ಉಳಿದಿಲ್ಲದವರ ಮಕ್ಕಳನ್ನು ಒಂದೇ ಒಂದು ಮಾತು ಕೇಳುತ್ತೇನೆ. ಸ್ವರ್ಗದ ತೋಟದ ಬಗ್ಗೆ ನೀವು ಅಷ್ಟು ಹೊತ್ತು ಹೇಳಿದ್ದನ್ನು ಅವಳು ತುಟಿಪಿಟಕ್ಕೆನ್ನದೆ ಕೇಳಿದಳು. ಮಗನನ್ನು ಮಣ್ಣು ಮಾಡಿ ಬಂದ ಆ ತಾಯಿ, ದೇವರ ಮುಂದೆ, ತನ್ನ ಮನೆಯಲ್ಲಿ, ತಾನು ಕಣ್ಣಾರೆ ಕಂಡ ದಿಟವನ್ನು ಬಿಟ್ಟು ಇನ್ನೇನು ಹೇಳಿದ್ದರೆ ನೀವು ಅವಳನ್ನು ಕ್ಷಮಿಸುತ್ತಿದ್ದಿರಿ?